ಅಪ್ಪನ ಹೆಸರು, ಅಣ್ಣನ ಹೆಸರು

ಹೊಟ್ಟೆಕಿಚ್ಚು ಪಡಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ನಮ್ಮತ್ತಿಗೆಯ ಕೈಬರಹ ಚೆನ್ನಾಗಿತ್ತು, ನನಗೆ ಅಷ್ಟೇ ಸಾಕಾಯಿತು. ಅವಳು ಸೊರಬದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಶಿಕಾರಿಪುರದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ನಾನು ಮಿಡ್ಲ್ ಸ್ಕೂಲು ಮುಗಿಸಿದ ವರ್ಷ ಅಪ್ಪ, "ಇನ್ ಸಾಕು, ರೊಟ್ಟಿ ಬಡಿಯೋದು ಕಲಿ" ಅಂದಿದ್ದರು. ಅದೇ ಅಪ್ಪ ಅತ್ತಿಗೆ ಬರೆದ ದಿನಸಿ ಚೀಟಿಯನ್ನು ನಮ್ಮ ಅಂಗಡಿಗೆ ಬಂದವರಿಗೆಲ್ಲ ತೋರಿಸಿ, "ನಮ್ಮ ಸೊಸಿ ಬರ್ದದ್ದು ನೋಡ್ರಿ, ಅಚ್ಚು ಹಾಕ್ದಂಗ ಐತಿ" ಅನ್ನುತ್ತಿದ್ದರು. ಆ ಚೀಟಿಗಳು ಮನೆಗೆ ವಾಪಸು ಬಂದಾಗ ನಾನು ಕದ್ದು ನೋಡುತ್ತಿದ್ದೆ. ಎಲ್ಲಾದರೂ ಒಂದು ಕೊಂಬು ತಪ್ಪಿರಲಿ, ಒಂದು ಒತ್ತಕ್ಷರ ಬಿಟ್ಟಿರಲಿ ಎಂದು ಹುಡುಕುತ್ತಿದ್ದೆ. ಒಂದೂ ಸಿಗುತ್ತಿರಲಿಲ್ಲ.

ಜನ ಆಣೆಯನ್ನೂ ಹೊಸ ಪೈಸೆಯನ್ನೂ ಬೆರೆಸಿ ಮಾತಾಡುತ್ತಿದ್ದ ಕಾಲ ಅದು. ನನಗಾಗ ಹತ್ತೊಂಬತ್ತು. ಅತ್ತಿಗೆ ಬರುವುದಕ್ಕೆ ಎರಡು ವರ್ಷ ಮೊದಲಿನಿಂದ ನಾನೊಂದು ನೋಟ್‌ಬುಕ್ಕಿನಲ್ಲಿ ನಮ್ಮ ಮನೆತನದ ವಿಷಯ ಬರೆದಿಡುತ್ತಿದ್ದೆ. ಯಾರೂ ಬರೆ ಎಂದು ಹೇಳಿದ್ದಲ್ಲ. ಮದುವೆ, ತೊಟ್ಟಿಲು ಅಂತ ನೆಂಟರು ಬಂದಾಗ ವಯಸ್ಸಾದವರ ಪಕ್ಕ ಕೂತು, ನೀವು ಯಾರ ಮಗ, ಅವರು ಯಾರ ಮಗ, ಎಲ್ಲಿಂದ ಬಂದವರು ಎಂದು ಕೇಳುತ್ತಿದ್ದೆ. "ಶಾನುಭೋಗರ ಕೆಲಸ ಹಿಡ್ದೀಯೇನವ್ವಾ?" ಎಂದು ನಗುತ್ತಿದ್ದರು. ನಗಲಿ. ಆ ನೋಟ್‌ಬುಕ್ಕು ಒಂದೇ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು.

ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಜ್ಜಿ ಹೇಳಿದ್ದು. ಅಜ್ಜಿ ಅಂದರೆ ನನ್ನ ಅಜ್ಜನ ತಂಗಿ. ಎಂಬತ್ತು ದಾಟಿದ್ದಳು, ಓದು ಬರಹ ಇರಲಿಲ್ಲ, ನೆನಪು ಮಾತ್ರ ನಮ್ಮೆಲ್ಲರದ್ದಕ್ಕಿಂತ ಗಟ್ಟಿ. ಅವಳನ್ನು ಒಂಬತ್ತನೇ ವರ್ಷಕ್ಕೆ ಸೊರಬದ ಕಡೆಗೆ ಕೊಟ್ಟಿದ್ದರು. ಹನ್ನೊಂದಕ್ಕೆ ಗಂಡ ಹೋದ. ಅವಳ ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ, ಬೀಗರ ಅಂಗಳದಲ್ಲಿ ನೀರು ಕೂಡ ಕುಡಿಯದೆ ಮಗಳನ್ನು ವಾಪಸು ಕರೆತಂದ. ಮನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಹಿರಿಯರನ್ನೆಲ್ಲ ಕರೆದು, "ಈ ಮನಿ ಇರೋತನಕ ಇದು ನನ್ನ ಮಗಳ ಮನಿ. ನನ್ನ ಹಿಂದ ಯಾರೂ ಆಕಿಗೆ ಎದ್ದು ಹೋಗು ಅನ್ನಂಗಿಲ್ಲ" ಎಂದನಂತೆ. ಆ ಮಾತಿನ ಮೇಲೆ ಅಜ್ಜಿ ಎಪ್ಪತ್ತು ವರ್ಷ ಆ ಮನೆಯಲ್ಲಿ ಉಂಡಳು. ಅವಳ ಅಣ್ಣ, ಅಂದರೆ ನನ್ನ ಅಜ್ಜ, ಆ ಮಾತು ಉಳಿಸಿದ. ಆಮೇಲೆ ನನ್ನ ಅಪ್ಪ ಉಳಿಸಿದರು.

"ನಿಮ್ಮಣ್ಣನ ಕಾಲಕ್ಕ ಯಾರಿಗೆ ನೆನಪಿರ್ತತಿ? ಹೊಸ ಸೊಸಿ ಬಂದಾಳ. ಆಕಿಗೆ ನಾ ಯಾರು? ಅದನ್ನ ಬರದ್ ಇಡವ್ವಾ. ಬರದಿದ್ದು ಇದ್ರ ಯಾರೂ ಇಲ್ಲ ಅನ್ನಾಕ ಬರಂಗಿಲ್ಲ" ಎಂದಳು ಅಜ್ಜಿ ನನಗೆ. ನಾನು ಬರೆದೆ, ಹಿರಿಯರು ಯಾರಾದ ಮೇಲೆ ಯಾರು ಎನ್ನುವುದೂ ಸೇರಿ ನಾಲ್ಕು ಹಾಳೆ. ಓದಿ ಹೇಳಿದೆ. ಅವಳು ಆ ಹಾಳೆಯ ಮೇಲೆ ಕೈಯಾಡಿಸಿ, ಸರಿ ಬಿಡು ಎಂದಳು.

ಇನ್ನು ಹೆಳವರ ವಿಷಯ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಎತ್ತಿನ ಮೇಲೆ ಕೂತು ಒಬ್ಬ ಹೆಳವ ನಮ್ಮ ಮನೆಗೆ ಬರುತ್ತಿದ್ದ. ಅವನ ಅಪ್ಪ, ಅಜ್ಜ ಎಲ್ಲರೂ ನಮ್ಮ ಮನೆಗೇ ಬಂದವರು. ಅಂಗಳದಲ್ಲಿ ನಿಂತು ನಮ್ಮ ವಂಶದ ಹೆಸರುಗಳನ್ನು ಮೇಲಿನಿಂದ ಕೆಳಗೆ ರಾಗವಾಗಿ ಹೇಳಿ, ಒಂದು ಮೂಟೆ ಭತ್ತ, ಒಂದು ಧೋತರ ತಗೊಂಡು ಮುಂದಿನ ಊರಿಗೆ ಹೋಗುತ್ತಿದ್ದ. ಆ ವರ್ಷ ಬಂದಾಗ ಅವನೇ ಹೇಳಿದ: "ಇನ್ನೊಂದು ವರ್ಷ ಬಂದರೆ ಹೆಚ್ಚು ಬುದ್ಧೀ. ಮಗ ಲಾರಿ ಮೇಲೆ ಹೋಗ್ತಾನೆ, ಇದನ್ನ ಕಲಿಯಂಗಿಲ್ಲ ಅಂತಾನೆ."

ಅಪ್ಪ ದಂಗಾದರು. ಅವನೊಬ್ಬ ಹೋದರೆ ನಮ್ಮ ವಂಶವೇ ಹೋಯಿತು ಎಂಬಂತೆ ಕೂತುಬಿಟ್ಟರು. ಮಾರನೇ ದಿನ ಊಟಕ್ಕೆ ಕೂತಾಗ, ಎಲ್ಲವನ್ನೂ ಒಂದು ಪುಸ್ತಕ ಮಾಡಿ ಇಡಬೇಕು, ಯುಗಾದಿಗೆ ದಾಯಾದಿಗಳನ್ನೆಲ್ಲ ಕರೆದು ಓದಿಸಬೇಕು ಎಂದರು. ನನ್ನ ಸರದಿ ಬಂತು ಅಂದುಕೊಂಡೆ. ರೊಟ್ಟಿ ತಟ್ಟೆಗೆ ಹಾಕುತ್ತಾ, "ನನ್ನ ಹತ್ರ ನೋಟ್‌ಬುಕ್ ಐತಿ ಅಪ್ಪಾ" ಅಂದೆ.

"ಹೌದಲ್ಲ! ಅದನ್ನ ನಿಮ್ಮತ್ತಿಗಿ ಕೈಯಾಗ ಕೊಡು. ಆಕಿ ಚಂದಾಗಿ ಬರೀತಾಳ" ಎಂದರು ಅಪ್ಪ.

ಅಷ್ಟೇ. ಎರಡು ವರ್ಷ ನಾನು ಮುದುಕರ ಎಲೆಅಡಿಕೆ ಉಗುಳಿನ ಪಕ್ಕ ಕೂತು ಕೂಡಿಸಿದ್ದನ್ನು ಮೊನ್ನೆ ಮೊನ್ನೆ ಬಂದವಳ ಕೈಗೆ ಕೊಡಬೇಕಂತೆ. ಮೈಯೆಲ್ಲ ಉರಿಯಿತು. ಅತ್ತಿಗೆ ಒಳಗಿನಿಂದ, "ನಾನು ಬರ್ದು ಕೊಡ್ತೀನಿ, ತಂಗಿನೇ ಹೇಳ್ಲಿ" ಎಂದು ಮೆಲ್ಲಗೆ ಅಂದಳು. ಅವಳ ಆ ಮೆಲುದನಿ ಕೇಳಿ ಇನ್ನಷ್ಟು ಉರಿಯಿತು. ನೋಟ್‌ಬುಕ್ಕು ಕೊಟ್ಟೆ. ಕೊಡುವ ಮೊದಲು ಅಜ್ಜಿಯ ನಾಲ್ಕು ಹಾಳೆ ಕಿತ್ತು ಟ್ರಂಕಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟೆ. ಅಷ್ಟಾದರೂ ನನ್ನದಾಗಿ ಉಳಿಯಲಿ, ಆಮೇಲೆ ಎಲ್ಲರ ಮುಂದೆ ನಾನೇ ತೆಗೆದು ಕೊಡುತ್ತೇನೆ ಎಂದುಕೊಂಡೆ.

ಅಪ್ಪ ಹೆಳವನನ್ನು ಮತ್ತೆ ಕರೆಸಿ ಇಡೀ ವಂಶಾವಳಿ ಹೇಳಿಸಿದರು. ಅವನು ಅಂಗಳದಲ್ಲಿ, ಅಪ್ಪ ಜಗಲಿಯಲ್ಲಿ, ಅತ್ತಿಗೆ ಬಾಗಿಲ ಹಿಂದೆ ಮಣೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದಳು. ಹೆಳವರು ರಾಗಕ್ಕಾಗಿ ಕೆಲವು ಸಾಲನ್ನು ಎರಡೆರಡು ಸಲ ಹೇಳುತ್ತಾರೆ. ಅವಳು ಎಲ್ಲವನ್ನೂ ಗೀಚಿಕೊಂಡು, ಎರಡನೇ ಸಲದ್ದನ್ನು ಆಮೇಲೆ ಹೊಡೆದುಹಾಕುತ್ತಿದ್ದಳು. ಮಾವನವರು ಕೂತಲ್ಲಿ ನಡುವೆ ಬಾಯಿ ಹಾಕಿ ಕೇಳುವ ಹಾಗಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹಿರಿಯ ಮಗನಿಗೆ ಅಜ್ಜನ ಹೆಸರೇ ಇಡಬೇಕು. ಹಾಗಾಗಿ ಎಷ್ಟೋ ತಲೆಮಾರಿನಿಂದ ಆ ಮನೆಯ ಹಿರಿಯರಿಗೆ ಇದ್ದದ್ದು ಎರಡೇ ಹೆಸರು, ಒಂದು ನನ್ನ ಅಪ್ಪನದು, ಇನ್ನೊಂದು ನನ್ನ ಅಣ್ಣನದು. ಒಂದಾದ ಮೇಲೆ ಒಂದು. ಮೊದಲು ದನದ ಹಿಂಡು ಹೊಡೆದುಕೊಂಡು ಬಂದು ಇಲ್ಲಿ ಬಾವಿ ತೆಗೆಸಿದವರು, ಅವರದು ಅಪ್ಪನ ಹೆಸರು. ಅವರ ಮಗನದು ಅಣ್ಣನ ಹೆಸರು. ಮೊಮ್ಮಗನದು ಮತ್ತೆ ಅಪ್ಪನ ಹೆಸರು, ಅವರೇ ಅಜ್ಜಿಯ ತಂದೆ. ಅವರ ಮಗ ಹಳೇ ಮನೆಯನ್ನೇ ದೊಡ್ಡದು ಮಾಡಿ ಕಟ್ಟಿಸಿದ ನನ್ನ ಅಜ್ಜ, ಮತ್ತೆ ಅಣ್ಣನ ಹೆಸರು. ಆಮೇಲೆ ಅಪ್ಪ, ಆಮೇಲೆ ಅಣ್ಣ. ಹೆಳವನ ಬಾಯಲ್ಲಿ ಬಾವಿ ತೆಗೆಸಿದವರಿಗೂ ಮನೆ ಕಟ್ಟಿಸಿದವರಿಗೂ ನಾಲ್ಕು ಮಾತು ಹೊಗಳಿಕೆ ಇತ್ತು. ನಡುವಿನ ಇಬ್ಬರಿಗೆ ಬರೀ ಹೆಸರು. ಗಂಡ ಸತ್ತ ಮಗಳನ್ನು ಗಾಡಿಯಲ್ಲಿ ಕರೆತಂದದ್ದು ಹೆಳವರ ಲೆಕ್ಕಕ್ಕೆ ಬರುವ ಸಾಧನೆಯಲ್ಲ. ಅವರು ಹೆಣ್ಣುಮಕ್ಕಳ ಸುದ್ದಿಗೇ ಹೋಗುವುದಿಲ್ಲ.

ಆ ತಿಂಗಳು ಅತ್ತಿಗೆಯ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ನಾವಿಬ್ಬರೂ ಸೊರಬದ ಬಸ್ಸು ಹತ್ತಿದೆವು. ಸೊರಬದಲ್ಲಿ ಇಳಿದು ಗಾಡಿಯಲ್ಲಿ ಅವಳ ತವರು ಕುಪ್ಪಗಡ್ಡೆಗೆ. ಅಲ್ಲಿ ಅವಳ ಅಪ್ಪ ಬಂದ ಬೀಗರ ಮುಂದೆ ಹೇಳಿದ್ದೇ ಹೇಳಿದ್ದು: "ನಮ್ಮ ದೊಡ್ಡವಳು ಅವರ ಮನೆತನದ ಚರಿತ್ರೆನೇ ಬರೀತಾ ಇದ್ದಾಳೆ. ಅವರ ಮನೇಲಿ ಬರಿಯೋರು ಯಾರೂ ಇರಲಿಲ್ಲವಂತೆ." ನಾನು ಅಲ್ಲೇ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದೆ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯನ್ನು ಹಾಗೇ ಕೆಳಗಿಟ್ಟೆ.

ಆ ಮಧ್ಯಾಹ್ನವೇ ಅತ್ತಿಗೆ ಕಾಗದ ಹರಡಿಕೊಂಡು ನನ್ನ ಪಕ್ಕ ಬಂದು ಕೂತಳು. ಹೆಸರಿನ ಮೇಲೆ ಬೆರಳಿಟ್ಟಳು. ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ. ಬರೆಯಬಹುದು, ಹೇಳಬಾರದು.

"ಇದು ಎಂತ ನೋಡು ತಂಗಿ. ಮಾವನವರದ್ದು ಬಂತು, ಇವ್ರದ್ದು ಬಂತು. ಮತ್ತೆ ಮಾವನವರದ್ದು, ಮತ್ತೆ ಇವ್ರದ್ದು. ಹೆಳವಜ್ಜ ಎರಡು ಸಲ ಹೇಳಿದ್ದಾ, ಅಥ್ವಾ ಬೇರೆ ಜನವಾ? ನಮ್ಮ ಕಡೆ ಒಂದೇ ಹೆಸರು ಹಿಂಗೆ ಮತ್ತೆ ಮತ್ತೆ ಇಡಲ್ಲಪ್ಪ."

ಅವಳು ಇದನ್ನು ನನ್ನನ್ನಲ್ಲದೆ ಯಾರನ್ನೂ ಕೇಳುವಂತಿರಲಿಲ್ಲ. ಅಜ್ಜಿಗೆ ಅಕ್ಷರ ಬಾರದು, ಬೆರಳಿಟ್ಟು ತೋರಿಸಿ ಪ್ರಯೋಜನವಿಲ್ಲ. ಅಪ್ಪನ ಮುಂದೆ ಅಪ್ಪನದೇ ಹೆಸರಿನ ಮೇಲೆ ಬೆರಳಿಡುವುದು ಸೊಸೆಗೆ ಆಗದ ಮಾತು. ಅಣ್ಣನಿಗೆ ಅಂಗಡಿ ಬಿಟ್ಟು ಬೇರೆ ಯಾವುದರಲ್ಲೂ ಗಮನವಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿಯ ಅಪ್ಪ ಯಾರು, ಎಷ್ಟನೆಯವರು ಎನ್ನುವುದೂ ಗೊತ್ತಿತ್ತು.

"ಎರಡು ಸಲ ಹೇಳಿದ್ದು. ಹೊಡೆದುಹಾಕು" ಅಂದೆ.

ಅವಳು ಪೆನ್ನು ತೆಗೆದು, ಹೊಗಳಿಕೆ ಇದ್ದವರನ್ನು ಉಳಿಸಿ, ಬರೀ ಹೆಸರಿದ್ದ ನಡುವಿನ ಇಬ್ಬರ ಮೇಲೆ ಅಡ್ಡಗೆರೆ ಎಳೆದಳು. ಕೇಳಿ ಒಳ್ಳೇದಾಯ್ತು ನೋಡು ಎಂದು ನಕ್ಕಳು. ನಾನೂ ನಕ್ಕೆ. ಓದುವ ದಿನ ಹಿರಿಯರು ಯಾರಾದರೂ ತಪ್ಪು ಹಿಡಿಯುತ್ತಾರೆ, ಅಪ್ಪನ ಮುಖ ಕೆಂಪಾಗುತ್ತದೆ, ಆಗ ನಾನು ಟ್ರಂಕಿನಿಂದ ಹಾಳೆ ತಂದು ಮುಂದಿಡುತ್ತೇನೆ ಎಂದು ಬಸ್ಸಿನಲ್ಲಿ ಬರುವಾಗ ಪೂರ್ತಿ ಲೆಕ್ಕ ಹಾಕಿದೆ. ಅಜ್ಜಿಯ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಎರಡು ದಿನದಲ್ಲಿ ಸರಿ ಮಾಡಬಹುದು ಬಿಡು ಎಂದು ಅದನ್ನು ಅತ್ತ ಸರಿಸಿದೆ.

ಪುಸ್ತಕ ಮುಗಿಯಿತು. ಅಪ್ಪ ಅದಕ್ಕೆ ಕೆಂಪು ಬಟ್ಟೆಯ ರಟ್ಟು ಹಾಕಿಸಿದರು. ಯುಗಾದಿಯ ಮಾರನೇ ದಿನ ಮಠದ ಅಯ್ಯನವರು, ಸೊರಬದ ಕಡೆಯ ದಾಯಾದಿಗಳು ಎಲ್ಲ ಬಂದು ಪಡಸಾಲೆ ತುಂಬಿತು. ಓದುವವರು ಯಾರು ಎಂಬ ಪ್ರಶ್ನೆ ಆಗ ಎದ್ದಿತು. ಬರೆದವಳು ಓದುವಂತಿಲ್ಲ, ಪ್ರತಿ ಸಾಲಿನಲ್ಲೂ ಮಾವನ ಹೆಸರೋ ಗಂಡನ ಹೆಸರೋ ಇದೆ. ಅಪ್ಪ ನನ್ನನ್ನು ಕರೆದರು. ಮನೆಯ ಮಗಳಿಗೆ ಅಪ್ಪನ ಹೆಸರು, ಅಣ್ಣನ ಹೆಸರು ಹೇಳಲು ಯಾವ ಅಡ್ಡಿ?

ಅಷ್ಟು ಜನರ ನಡುವೆ ನನ್ನನ್ನು ಕೂರಿಸಿದ್ದು ಅದೇ ಮೊದಲು. ಅಜ್ಜಿ ತೊಳೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕಂಬದ ಪಕ್ಕ ಕೂತಿದ್ದಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಗಟ್ಟಿಯಾಗಿ ಓದಿದೆ. ಬಾವಿ ತೆಗೆಸಿದವರ ವಿಷಯ ಮುಗಿಯಿತು. ಮುಂದಿನ ಸಾಲಿಗೆ ಹೋಗುವ ಮೊದಲು ತಲೆಯೆತ್ತಿ ಅತ್ತಿಗೆಯನ್ನು ಒಮ್ಮೆ ನೋಡಿದೆ. ಆಮೇಲೆ ಓದಿದೆ: ಅವರ ಮಗ ಈ ಮನೆ ಕಟ್ಟಿಸಿದವರು.

ಯಾರೂ ತಪ್ಪು ಹಿಡಿಯಲಿಲ್ಲ. ಅಪ್ಪನಿಗೆ ತನ್ನ ಅಜ್ಜನ ಹೆಸರು ತನ್ನದೇ ಎಂದಷ್ಟೇ ಗೊತ್ತು. ಆ ಅಜ್ಜನೇ ಬಾವಿ ತೆಗೆಸಿದವರು ಎಂದು ಕೇಳಿ ಅವರ ಮುಖ ಅರಳಿತು. ದಾಯಾದಿಗಳು ತಲೆದೂಗಿದರು. ಅಯ್ಯನವರು, "ಬರೆದವಳ ಕೈ ಬಂಗಾರ ಆಗಲಿ" ಎಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಓದು ಮುಗಿದ ಮೇಲೆ ಅಜ್ಜಿ ಕೇಳಿದಳು: "ನಮ್ಮಪ್ಪ ಎಲ್ಲಿ?"

"ಓದಿದ್ಲಲ್ಲ ಅತ್ತೆವ್ವಾ, ಬಾವಿ ತೆಗ್ಸಿದೋರು" ಎಂದರು ಅಪ್ಪ.

"ಬಾವಿ ತೆಗ್ಸಿದೋನು ನಮ್ಮಪ್ಪ ಅಲ್ಲ. ಅವ ನಮ್ಮಪ್ಪನ ಅಜ್ಜ. ನನ್ನ ಗಾಡ್ಯಾಗ ಕರ್ಕೊಂಡ್ ಬಂದೋನು ಎಲ್ಲಿ?" ಅವಳು ಬೆರಳು ಮಡಿಸಿ ಎಣಿಸಿದಳು. ಪಡಸಾಲೆಯಲ್ಲಿ ಇದ್ದವರೆಲ್ಲ ಎಣಿಸಿದರು. ಇಬ್ಬರು ಕಮ್ಮಿ.

ಅಪ್ಪ ಅಡುಗೆಮನೆಯ ಕಡೆ ತಿರುಗಿದರು. "ಬರೀತಾಳ ಅಂತ ನಂಬಿ ಕೊಟ್ರ ಎರಡು ತಲಿಮಾರು ನುಂಗಿ ಹಾಕಿಯೇನವ್ವಾ? ಇದಕ್ಕೇನಾ ಎಸ್ಸೆಸ್ಸೆಲ್ಸಿ ಓದಿದ್ದು?"

ಮೂರು ತಿಂಗಳು ನಾನು ಕಾಯ್ದದ್ದು ಇದೇ ಮಾತಿಗೆ. ಕೇಳಿದಾಗ ಖುಷಿಯಾಯಿತು, ಆಗಲಿಲ್ಲ ಎಂದು ಈಗ ಹೇಳಿ ಏನು ಬಂತು? ಅತ್ತಿಗೆ ನನ್ನನ್ನೇ ನೋಡಿದಳು. ನನ್ನನ್ನು ಕೇಳಿಯೇ ಹೊಡೆದದ್ದು ಎಂದು ಅನ್ನಬಹುದಿತ್ತು. ಅನ್ನಲಿಲ್ಲ, ತಲೆ ತಗ್ಗಿಸಿದಳು. ಹಾಳೆ ತರಲು ನಾನು ಏಳಬೇಕು, ಅಷ್ಟರಲ್ಲಿ ಅಜ್ಜಿಯೇ ಎದ್ದಳು. ಕಂಬ ಹಿಡಿದು, ನಿಧಾನಕ್ಕೆ ಅತ್ತಿಗೆಯ ಮುಂದೆ ಹೋಗಿ ನಿಂತಳು.

"ನೀ ಬೇಕಂತ್ಲೇ ಬಿಟ್ಟಿ. ನಾಳೆ ಈ ಮನಿ ನಿಂದು. ನಂಗ ತಿಳೀತವ್ವಾ."

ಹೋಳಿಗೆ ಊಟಕ್ಕೆ ಅಜ್ಜಿ ಬರಲಿಲ್ಲ. ನಾನು ಹಿಂದಿನ ಕೋಣೆಗೆ ಹೋದಾಗ ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟುತ್ತಿದ್ದಳು. ಸೊರಬದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಅಲ್ಲಿ ಅವಳ ಗಂಡನ ಮನೆಯವರು ಯಾರೂ ಬದುಕಿರಲಿಲ್ಲ, ಅದು ಅವಳಿಗೂ ಗೊತ್ತು. ನಾನು ಗಂಟನ್ನು ಹಿಡಿದುಕೊಂಡು ಕೂತು ಎಲ್ಲ ಹೇಳಿದೆ, ಕುಪ್ಪಗಡ್ಡೆಯಲ್ಲಿ ಅತ್ತಿಗೆ ಕೇಳಿದ್ದು, ನಾನು ಹೇಳಿದ್ದು, ಟ್ರಂಕಿನ ಹಾಳೆ, ಎಲ್ಲ.

ಅಜ್ಜಿ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಎಲ್ಲ ಕೇಳಿದಳು. ಬೈದರೆ ಸಾಕು ಅನ್ನಿಸುತ್ತಿತ್ತು. ಕೊನೆಗೆ, "ಆಕಿ ಮ್ಯಾಗಿನ ಹೊಟ್ಟಿಕಿಚ್ಚಿಗೆ ನಮ್ಮಪ್ಪ ನಿಂಗೇನ್ ಮಾಡಿದ್ದ?" ಎಂದಳು. ಅವಳು ನನ್ನ ಕೈಯಿಂದ ಗಂಟು ಬಿಡಿಸಿಕೊಂಡು ಪಕ್ಕಕ್ಕಿಟ್ಟಳು, ಗಂಟು ಬಿಚ್ಚಲಿಲ್ಲ.

ಸಂಜೆ ನಾಲ್ಕು ಹಾಳೆ ತಗೊಂಡು ಅತ್ತಿಗೆಯ ಹತ್ತಿರ ಹೋದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ನನಗೆ ಗೊತ್ತಿದ್ದೇ ಹಾಗೆ ಹೇಳಿದ್ದು ಎಂದೆ.

"ಓದೋ ಮೊದ್ಲು ನೀ ತಲೆ ಎತ್ತಿ ನನ್ನ ನೋಡಿದ್ಯಲ, ಆಗ್ಲೇ ಗೊತ್ತಾತು ತಂಗಿ."

"ಮತ್ತೆ ಅಪ್ಪನ ಮುಂದೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ಅಷ್ಟು ಜನರ ಎದುರು ಯಾರ್ಯಾರ ಹೆಸರು ಎತ್ತಬೇಕಿತ್ತು ನೋಡು" ಎಂದಳು. ಅದೊಂದೇ ಕಾರಣವಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವಳು ಕೈ ಒರೆಸಿಕೊಂಡು ಹಾಳೆ ತಗೊಂಡಳು. ಅಪ್ಪನಿಗೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬೈಗುಳ ಅವಳ ಹೆಸರಿನಲ್ಲೇ ಉಳಿಯಿತು.

ಹದಿನೈದು ದಿನ ಅವಳು ಮಧ್ಯಾಹ್ನದ ಹೊತ್ತು ಅಜ್ಜಿಯ ಕೋಣೆಯಲ್ಲೇ ಕೂತು ಮೊದಲಿನಿಂದ ಬರೆದಳು. ಮೊದಮೊದಲು ಅಜ್ಜಿ ಗೋಡೆಗೆ ಮುಖ ಮಾಡಿಕೊಂಡೇ ಉತ್ತರ ಕೊಡುತ್ತಿದ್ದಳು. ಆಮೇಲೆ ಇಬ್ಬರೂ ನಗುವುದು ಕೇಳಿಸತೊಡಗಿತು. ಒಂದು ದಿನ ನೋಡಿದರೆ ಗಂಟು ಬಿಚ್ಚಿತ್ತು, ಕಂಬಳಿ ಗೂಟಕ್ಕೆ ಹೋಗಿತ್ತು. ನನಗೆ ಹೇಳಿದ್ದಕ್ಕಿಂತ ಹೆಚ್ಚು ಅಜ್ಜಿ ಅವಳಿಗೆ ಹೇಳುತ್ತಿದ್ದಾಳೆ ಎನ್ನುವುದು ಗೋಡೆಯ ಈಚೆಯಿಂದಲೇ ತಿಳಿಯುತ್ತಿತ್ತು. ಗಾಡಿಯ ಎತ್ತುಗಳ ಬಣ್ಣ ನನಗೆ ಹೇಳಿರಲಿಲ್ಲ. ಅವಳಿಗೆ ಹೇಳಿದಳು.

ಬರೆದು ಮುಗಿದ ದಿನ ಓದಿ ಹೇಳಲು ನಾನೇ ಹೋದೆ. ಅದಾದರೂ ನನ್ನ ಪಾಲಿನ ಕೆಲಸ ಎಂದುಕೊಂಡಿದ್ದೆ. ಪುಸ್ತಕ ತೆರೆದು ಕೂತೆ.

"ನೀ ಬ್ಯಾಡ. ಆಕಿ ಓದ್ಲಿ" ಎಂದಳು ಅಜ್ಜಿ.

"ಆಕಿ ಹೆಸರು ಹೇಳಂಗಿಲ್ಲಲ್ಲ ಅಜ್ಜೀ..."

"ನನ್ನ ಮುಂದ ಹೇಳಿದ್ರ ಏನೂ ಆಗಂಗಿಲ್ಲ. ನಿನ್ನ ಬಾಯಾಗ ಬಂದ್ರ ಅದು ಐತೋ ಇಲ್ಲೋ ಅಂತ ನನಗ ತಿಳಿಯಂಗಿಲ್ಲ. ಬಾಗಿಲು ಮುಂದಕ್ಕ ಮಾಡ್ಕೊಂಡು ಹೋಗು."

ಪುಸ್ತಕವನ್ನು ಅತ್ತಿಗೆಯ ಕೈಗೆ ಕೊಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹೋಗಲಾಗಲಿಲ್ಲ, ಅಲ್ಲೇ ನಿಂತೆ. ಒಳಗೆ ಹಾಳೆ ತಿರುವುವ ಸದ್ದಾಯಿತು. ಆಮೇಲೆ ಅತ್ತಿಗೆ ಜೀವಮಾನದಲ್ಲಿ ಮೊದಲ ಸಲ ನನ್ನ ಅಪ್ಪನ ಹೆಸರು ಹೇಳಿದಳು, ಉಸಿರಿನಷ್ಟೇ ಮೆಲ್ಲಗೆ. ಆಮೇಲೆ ನನ್ನ ಅಣ್ಣನ ಹೆಸರು. ಮತ್ತೆ ಅಪ್ಪನ ಹೆಸರು, ಈ ಸಲ ಸ್ವಲ್ಪ ಗಟ್ಟಿಯಾಗಿ, ಅದರ ಹಿಂದೆಯೇ ಗಾಡಿ ಕಟ್ಟಿಕೊಂಡು ಹೋದದ್ದು, ಬಾಗಿಲಲ್ಲಿ ನಿಲ್ಲಿಸಿ ಮಾತು ಕೊಟ್ಟದ್ದು. ಅಜ್ಜಿ ಒಂದೊಂದು ಸಾಲಿಗೂ "ಹ್ಞೂಂ" ಎನ್ನುತ್ತಿದ್ದಳು. ನಾನು ಓದಿದ ದಿನ ಅವಳು ಒಂದು ಸಲವೂ ಹಾಗೆ ಹ್ಞೂಂಗುಟ್ಟಿರಲಿಲ್ಲ. ನಾಚಿಕೆಯಿಂದ ಸಾಯುವಂತಾಗಿ ಆ ಬಾಗಿಲಿಗೆ ಒರಗಿ ನಿಂತಿದ್ದಾಗಲೂ, ಆ ಹ್ಞೂಂ ಅತ್ತಿಗೆಗೆ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.